ರೊಟ್ಟಿ, ಅನ್ನ ಮತ್ತು ರಕ್ತದ ಸಕ್ಕರೆ

ಹುಣ್ಣಿಮೆಯ ದಿನ ಹುಲಿಗಿಗೆ ಹೋಗಿ ಬಂದವರಿಗೆ ಅಲ್ಲಿನ ತುಂಗಭದ್ರೆಯ ದಂಡೆಯನ್ನು ಬಣ್ಣಿಸಿ ಹೇಳಬೇಕಾದುದಿಲ್ಲ. ಹೊಳೆಯಲ್ಲಿ ಮಿಂದು, ಹುಲಿಗೆಮ್ಮನ ದರ್ಶನ ಮುಗಿಸಿ, ಮರದ ನೆರಳು ಸಿಕ್ಕಲ್ಲಿ ಜಮಖಾನೆ ಹಾಸಿ, ಬುತ್ತಿಯ ಗಂಟು ಬಿಚ್ಚಿ ಕುಳಿತ ಕುಟುಂಬಗಳು ಸಾಲು ಸಾಲಾಗಿ ಕಾಣುತ್ತವೆ. ಅಪರಿಚಿತನನ್ನೂ ‘ಬರ್ರೀ, ಊಟ ಮಾಡ್ರಿ’ ಎಂದು ಕರೆಯುವ ಔದಾರ್ಯ ಆ ಸೀಮೆಯ ಹುಟ್ಟುಗುಣ. ಈಚೆಗೆ ಒಂದು ಹುಣ್ಣಿಮೆಯಂದು ಅಂಥದೇ ಒಂದು ಕರೆಗೆ ಓಗೊಟ್ಟು ನಾನೂ ಕುಳಿತೆ. ಕುಷ್ಟಗಿಯ ಕಡೆಯ ಒಕ್ಕಲುತನದ ಮನೆಯವರು. ಕಟಕು ರೊಟ್ಟಿ, ಬದನೆಕಾಯಿಯ ಎಣಗಾಯಿ, ಶೇಂಗಾ ಹಿಂಡಿ, ಕೊನೆಗೆ ಎಡೆ ತೋರಿಸಿದ ಹೋಳಿಗೆ. ನಾನು ಕೈ ಅಡ್ಡ ಹಿಡಿದು, ‘ನನಗೆ ಸಕ್ಕರೆ ರೋಗ’ ಎಂದೆ. ಮನೆಯ ಹಿರಿಯರು ನಕ್ಕುಬಿಟ್ಟರು. ‘ನನಗೂ ಐತ್ರಿ, ಹತ್ತು ವರ್ಷ ಆತು. ಇದು ಬೆಲ್ಲದ್ದು, ಸಕ್ಕರಿದಲ್ಲ. ಬೆಲ್ಲಕ್ಕ ಏನೂ ಆಗಂಗಿಲ್ಲ, ತಗೋರಿ’ ಎನ್ನುತ್ತ ಎಲೆಗೆ ಎರಡು ಹೋಳಿಗೆ ಹಾಕಿ, ಮೇಲೆ ತುಪ್ಪವನ್ನೂ ಸುರಿದರು.

ಪ್ರೀತಿಯಿಂದ ಬಡಿಸಿದವರೊಡನೆ ಎಲೆಯ ಮುಂದೆ ವಾದಕ್ಕಿಳಿಯುವುದು ಸಭ್ಯತೆಯಲ್ಲ. ಆದರೆ ಆ ಮಾತು ಹಿಂದಿರುಗುವಾಗ ದಾರಿಯುದ್ದಕ್ಕೂ ನನ್ನ ಜೊತೆಗೆ ಬಂದಿತು. ಅದು ಆ ಹಿರಿಯರೊಬ್ಬರ ಮಾತಲ್ಲ. ನಮ್ಮ ನಾಡಿನ ಅರ್ಧ ಜನರ ನಂಬಿಕೆ. ಬೆಲ್ಲ ನಿರಪಾಯ, ಅನ್ನ ವಿಷ, ರೊಟ್ಟಿ ಔಷಧ, ಹಾಗಲಕಾಯಿ ಅಮೃತ, ತೆಳ್ಳಗಿದ್ದವನಿಗೆ ಭಯವಿಲ್ಲ, ಬೆವರಿದರೆ ಬೊಜ್ಜು ಕರಗುತ್ತದೆ ಎಂಬ ಇಂಥ ಮಾತುಗಳು ಕಟ್ಟೆಯ ಮೇಲೂ ಬಸ್ಸಿನಲ್ಲೂ ಶಾಲೆಯ ಅಧ್ಯಾಪಕರ ಕೊಠಡಿಯಲ್ಲೂ ಕೇಳುತ್ತವೆ. ಇವುಗಳಲ್ಲಿ ಕೆಲವು ಅರೆಸತ್ಯ, ಕೆಲವು ಬರಿಯ ಆಸೆ. ಯಾವುದು ಯಾವುದೆಂದು ವಿಂಗಡಿಸಿ ನೋಡುವ ಕಾಲ ಬಂದಿದೆ. ಏಕೆಂದರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಅಂದಾಜಿನಂತೆ ನಮ್ಮ ದೇಶದಲ್ಲಿ ಈ ರೋಗವುಳ್ಳವರು 10 ಕೋಟಿ 10 ಲಕ್ಷ. ಅದರ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿ 60 ಲಕ್ಷ.

ಹುಲಿಗಿಯ ದಂಡೆಯಲ್ಲಿ ಕುಳಿತು ಅನ್ನ-ರೊಟ್ಟಿಗಳ ವಿಚಾರ ಮಾಡುವುದಕ್ಕೆ ಒಂದು ಔಚಿತ್ಯವೂ ಉಂಟು. ಅಲ್ಲಿಂದ ಕೆಲವೇ ಮೈಲಿ ದೂರದ ಮುನಿರಾಬಾದಿನಲ್ಲಿ, ಅಂದಿನ ಹೈದರಾಬಾದ್ ಮತ್ತು ಮದರಾಸು ಸರಕಾರಗಳು ಜೊತೆಗೂಡಿ 1945ರಲ್ಲಿ ಕೈಹಚ್ಚಿದ ಅಣೆಕಟ್ಟು 1953ರಲ್ಲಿ ಕಾಲುವೆಗಳಿಗೆ ನೀರು ಬಿಟ್ಟಿತು. ಎಡದಂಡೆಯ ಕಾಲುವೆಯನ್ನು ಯೋಜಿಸಿದವರ ಮನಸ್ಸಿನಲ್ಲಿದ್ದುದು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಮಿತನೀರಿನ ಬೆಳೆಗಳು. ಬರವನ್ನು ತಡೆಯುವುದೇ ಅದರ ಉದ್ದೇಶ. ಆದರೆ ನೀರು ಯೋಜಕರ ಮಾತು ಕೇಳಲಿಲ್ಲ. ಕರಾವಳಿ ಆಂಧ್ರದಿಂದ ಬಂದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡು ಭತ್ತ ಬೆಳೆದರು; ಊರವರೂ ಕಲಿತರು. ಗಂಗಾವತಿ ಭತ್ತದ ಕಣಜವೆನಿಸಿತು. ಕಾಲುವೆ ಮುಟ್ಟದ ಯಲಬುರ್ಗಾ, ಕುಷ್ಟಗಿಗಳ ಹೊಲಗಳಲ್ಲಿ ಮಾತ್ರ ಜೋಳ, ಸಜ್ಜೆ, ನವಣೆಗಳು ಮಳೆಯ ದಾರಿ ಕಾಯುತ್ತ ಉಳಿದವು. ಹೀಗೆ ಇಂದಿನ ಕೊಪ್ಪಳ ಜಿಲ್ಲೆಯೊಂದರಲ್ಲೇ ಎರಡು ಊಟಗಳು, ಎರಡು ಕಾಲಗಳು ಅಕ್ಕಪಕ್ಕದಲ್ಲಿ ಇವೆ.

ನಮ್ಮ ಅಜ್ಜಂದಿರ ಕಾಲಕ್ಕೆ ಒಣಬೇಸಾಯದ ಮನೆಯಲ್ಲಿ ಅನ್ನವೆಂದರೆ ಹಬ್ಬ. ನೆಂಟರು ಬಂದರೆ, ಜ್ವರ ಬಂದರೆ, ಮದುವೆಯಾದರೆ ಅನ್ನ. ರೊಟ್ಟಿ ಉಣ್ಣುವವನು ಬಡವ, ಅನ್ನ ಉಣ್ಣುವವನು ಸಾಹುಕಾರ ಎಂಬ ಗಣಿತ ಮಕ್ಕಳಿಗೂ ತಿಳಿದಿತ್ತು. ಇಂದು ಆ ಗಣಿತ ತಲೆಕೆಳಗಾಗಿದೆ. ಪೇಟೆಯ ಸಾಹುಕಾರ ನವಣೆಯನ್ನು ಹುಡುಕಿಕೊಂಡು ಹೋಗುತ್ತಾನೆ. ಬಡವನ ತಟ್ಟೆಗೆ ಪಡಿತರದ ಅಕ್ಕಿ ಬರುತ್ತದೆ. ಒಂದು ಕಾಲಕ್ಕೆ ಅನ್ನದ ಮೇಲೆ ಅತಿಯಾದ ಮೋಹವಿತ್ತು. ಈಗ ಅತಿಯಾದ ಭಯ. ಎರಡರಲ್ಲೂ ವಿವೇಕಕ್ಕಿಂತ ಮನೋವೇಗವೇ ಹೆಚ್ಚೆಂದು ತೋರುತ್ತದೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಆರೋಗ್ಯವಂತನ ಮೈಯಲ್ಲಿ ಸುಮಾರು ಐದು ಲೀಟರು ರಕ್ತವಿರುತ್ತದೆ. ಅಷ್ಟೂ ರಕ್ತದಲ್ಲಿ ಕರಗಿರುವ ಸಕ್ಕರೆ ಸುಮಾರು ಐದು ಗ್ರಾಮ್, ಅಂದರೆ ಒಂದು ಚಹಾ ಚಮಚೆಯಷ್ಟು! ನಾವು ಒಂದು ಹೊತ್ತಿಗೆ ಉಣ್ಣುವ ಪಿಷ್ಟವೋ ನೂರಾರು ಗ್ರಾಮ್. ಅದೆಲ್ಲ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸಾಗಿ ರಕ್ತಕ್ಕೆ ಸೇರುತ್ತದೆ. ಇಷ್ಟು ದೊಡ್ಡ ಪ್ರವಾಹವನ್ನು ಆ ಒಂದು ಚಮಚೆಯ ಮಟ್ಟದಲ್ಲಿ ಹಿಡಿದಿಡುವ ತೂಬುಗಾರನೇ ಮೇದೋಜೀರಕ ಗ್ರಂಥಿಯಿಂದ ಹೊರಡುವ ಇನ್ಸುಲಿನ್. ಅದು ಬಾಗಿಲು ತೆರೆದು ಸಕ್ಕರೆಯನ್ನು ಮಾಂಸಖಂಡಗಳಿಗೂ ಕೊಬ್ಬಿನ ಕೋಶಗಳಿಗೂ ಕಳಿಸುತ್ತದೆ. ಯಕೃತ್ತು ತಾನಾಗಿ ಸಕ್ಕರೆಯನ್ನು ಸುರಿಯದಂತೆ ತಡೆಯುತ್ತದೆ. ತೂಬುಗಾರ ಸೋತಾಗ, ಅಥವಾ ಅವನ ಮಾತನ್ನು ದೇಹ ಕೇಳದಾದಾಗ, ರಕ್ತದಲ್ಲಿ ಸಕ್ಕರೆ ಏರುತ್ತದೆ. ನೂರು ಮಿಲಿಲೀಟರಿಗೆ ಸುಮಾರು 180 ಮಿಲಿಗ್ರಾಮ್ ದಾಟಿದರೆ ಮೂತ್ರಕ್ಕೂ ಹರಿಯುತ್ತದೆ. ಪ್ರಮೇಹಿಯ ಮೂತ್ರಕ್ಕೆ ಇರುವೆಗಳು ಮುತ್ತುವುದನ್ನು ಚರಕನ ಸಂಹಿತೆ ಗುರುತಿಸಿತ್ತು. ಸ್ಥೂಲನಾದ ಪ್ರಮೇಹಿ ಬೇರೆ, ಕೃಶನಾದ ಪ್ರಮೇಹಿ ಬೇರೆ, ಇಬ್ಬರ ಚಿಕಿತ್ಸೆಯೂ ಬೇರೆ ಎಂದೂ ಅದು ಹೇಳಿತ್ತು.

ಇನ್ನು ಬೆಲ್ಲದ ಮಾತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ ಹಳೆಯ ಆಹಾರಕೋಷ್ಟಕಗಳಲ್ಲಿ 100 ಗ್ರಾಮ್ ಸಕ್ಕರೆಗೆ 398 ಕ್ಯಾಲೊರಿ, ಬೆಲ್ಲಕ್ಕೆ 383. ಬೆಲ್ಲದಲ್ಲಿ ಸ್ವಲ್ಪ ಕಬ್ಬಿಣವೂ ಸುಣ್ಣಾಂಶವೂ ಇರುವುದು ನಿಜ. ಆದರೆ ಅದರ ಬಹುಭಾಗ ಸಕ್ಕರೆಯೇ. ರಕ್ತಕ್ಕೆ ಬಣ್ಣದ ಭೇದ ತಿಳಿಯದು. ಜೇನಿನ ಕಥೆಯೂ ಇದೇ. ಹಾಗೆಂದು ‘ಸಕ್ಕರೆ ತಿಂದದ್ದರಿಂದಲೇ ಸಕ್ಕರೆ ರೋಗ ಬಂತು’ ಎನ್ನುವುದೂ ಸರಿಯಲ್ಲ. ಚಹಕ್ಕೆ ಸಕ್ಕರೆ ಬಿಟ್ಟು, ತಟ್ಟೆ ತುಂಬ ಅನ್ನ ಉಂಡು, ದಿನವಿಡೀ ಕುಳಿತೇ ಇರುವವನು ರೋಗವನ್ನು ತಪ್ಪಿಸಿಕೊಂಡೆನೆಂದು ಹಿಗ್ಗಬೇಕಾಗಿಲ್ಲ. ವಂಶ, ವಯಸ್ಸು, ಹೊಟ್ಟೆಯ ಕೊಬ್ಬು, ದುಡಿಮೆಯ ಅಭಾವ ಇವೆಲ್ಲ ಸೇರಿಯೇ ರೋಗವಾಗುವುದು. ಸಿಹಿ ಅದರಲ್ಲಿ ಒಬ್ಬ ಪಾಲುದಾರ ಮಾತ್ರ.

ಈಗ ಮುಖ್ಯವಾದ ವ್ಯಾಜ್ಯ, ಅನ್ನ ಮತ್ತು ರೊಟ್ಟಿಯದು. ಅದೇ ಕೋಷ್ಟಕಗಳನ್ನು ತೆರೆದರೆ, 100 ಗ್ರಾಮ್ ಪಾಲಿಶ್ ಅಕ್ಕಿಯಲ್ಲಿ 345 ಕ್ಯಾಲೊರಿ, 78 ಗ್ರಾಮ್ ಪಿಷ್ಟಾಂಶ, 7 ಗ್ರಾಮಿಗೆ ಕೊಂಚ ಕಡಮೆ ಸಸಾರಜನಕ. ಜೋಳದಲ್ಲಿ 349 ಕ್ಯಾಲೊರಿ, 73 ಗ್ರಾಮಿನಷ್ಟು ಪಿಷ್ಟಾಂಶ, 10 ಗ್ರಾಮ್ ಸಸಾರಜನಕ. ನವಣೆಯಲ್ಲಿ 331 ಕ್ಯಾಲೊರಿ, 61 ಗ್ರಾಮ್ ಪಿಷ್ಟಾಂಶ, 12 ಗ್ರಾಮ್ ಸಸಾರಜನಕ, ಜೊತೆಗೆ 8 ಗ್ರಾಮ್ ನಾರು. ನವಣೆ ಮೇಲು, ಜೋಳ ನಡುವೆ, ಅಕ್ಕಿ ಕೆಳಗೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅಂತರವೆಷ್ಟು? ಒಂದು ದೊಡ್ಡ ರೊಟ್ಟಿಗೆ 60 ಗ್ರಾಮ್ ಹಿಟ್ಟೆಂದು ಇಟ್ಟುಕೊಂಡರೆ, ಮೂರು ರೊಟ್ಟಿಗೆ 130 ಗ್ರಾಮ್ ಪಿಷ್ಟ ಹೊಟ್ಟೆಗೆ ಹೋಯಿತು. ಅನ್ನವನ್ನು ಬಿಟ್ಟೆನೆಂಬ ಧೈರ್ಯದಲ್ಲಿ ಐದು ರೊಟ್ಟಿ ಉಂಡವನು ಒಂದು ಬಟ್ಟಲು ಅನ್ನ ಉಂಡವನಿಗಿಂತ ಹೆಚ್ಚು ಸಕ್ಕರೆಯನ್ನೇ ರಕ್ತಕ್ಕೆ ಒಪ್ಪಿಸಿರುತ್ತಾನೆ. ರೊಟ್ಟಿ ಗಟ್ಟಿ, ಅಗಿಯಲು ಹೊತ್ತು ಬೇಕು, ಜೊತೆಗೆ ಪಲ್ಯ, ಕಾಳು, ಹಸಿಸೊಪ್ಪು ಬರುತ್ತವೆ. ಇದೇ ಅದರ ನಿಜವಾದ ಗುಣ. ಧಾನ್ಯವನ್ನು ನುಣ್ಣಗೆ ಬೀಸಿ, ಕುದಿಸಿ, ಗಂಜಿ ಮಾಡಿ ಗಟಗಟನೆ ಕುಡಿದರೆ ಅದರ ಸಕ್ಕರೆಯೂ ಅಷ್ಟೇ ಬೇಗ ರಕ್ತಕ್ಕಿಳಿಯುತ್ತದೆ.

ಅನ್ನದ ಮೇಲಿನ ಆರೋಪವೂ ಪೂರ್ತಿ ಸುಳ್ಳಲ್ಲ. 21 ದೇಶಗಳ 1,32,373 ಜನರನ್ನು ಒಂಬತ್ತು ವರ್ಷಕ್ಕೂ ಮೇಲ್ಪಟ್ಟು ಗಮನಿಸಿ 2020ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ದಿನಕ್ಕೆ 450 ಗ್ರಾಮ್ ಅಥವಾ ಹೆಚ್ಚು ಬಿಳಿ ಅನ್ನ ಉಣ್ಣುವವರಲ್ಲಿ 150 ಗ್ರಾಮಿಗಿಂತ ಕಡಮೆ ಉಣ್ಣುವವರಿಗಿಂತ ಸಕ್ಕರೆ ರೋಗ ಹೆಚ್ಚಾಗಿ ಕಂಡಿತು. ದಕ್ಷಿಣ ಏಷ್ಯದವರಲ್ಲಿ ಆ ಹೆಚ್ಚಳ ನೂರಕ್ಕೆ 61ರಷ್ಟು. ಇದು ಅನ್ನದ ದೋಷವೋ, ಅನ್ನವೇ ತಟ್ಟೆಯನ್ನೆಲ್ಲ ಆಕ್ರಮಿಸಿ ಬೇಳೆ ಕಾಯಿಪಲ್ಯಗಳನ್ನು ಹೊರದೂಡಿದ ದೋಷವೋ ಎಂಬುದನ್ನು ಇಂಥ ಅಧ್ಯಯನ ಬಿಡಿಸಿ ಹೇಳಲಾರದು. ಆದರೆ ಒಂದು ಮಾತು ಸ್ಪಷ್ಟ: ಪ್ರಮಾಣವೇ ಪ್ರಧಾನ. ಈಚೆಗೆ ಅಂಗಡಿಗಳಲ್ಲಿ ‘ಶುಗರ್ ಫ್ರೀ ಅಕ್ಕಿ’ ಎಂಬ ಚೀಲಗಳು ಕಾಣುತ್ತಿವೆ. ಕೆಲವು ತಳಿಗಳು ಸಕ್ಕರೆಯನ್ನು ತುಸು ನಿಧಾನವಾಗಿ ಬಿಡುವುದುಂಟು; ಸಕ್ಕರೆಯಾಗದ ಅಕ್ಕಿ ಮಾತ್ರ ಯಾವ ಗದ್ದೆಯಲ್ಲೂ ಬೆಳೆಯುವುದಿಲ್ಲ.

ಜೋಳವನ್ನು ದೇವರಾಗಿಸಿದವರಿಗೆ ಒಂದು ಹಳೆಯ ಸಂಗತಿಯನ್ನು ನೆನಪಿಸಬೇಕು. ಹೈದರಾಬಾದಿನಲ್ಲಿ ಪೋಷಣಾ ಸಂಶೋಧನೆಯಲ್ಲಿ ತೊಡಗಿದ್ದ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಾಂತಯ್ಯ ಅವರು 1960ರಲ್ಲಿ ಒಂದು ಲೇಖನ ಬರೆದು, ದಖನ್ನಿನಲ್ಲಿ ಜೋಳವನ್ನೇ ನಂಬಿದ ಬಡವರಲ್ಲಿ ಚರ್ಮ ಸುಲಿದು ಬುದ್ಧಿ ಮಂಕಾಗುವ ಪೆಲ್ಲಾಗ್ರ ರೋಗಕ್ಕೂ ಜೋಳದಲ್ಲಿ ವಿಪುಲವಾಗಿರುವ ಲ್ಯೂಸಿನ್ ಎಂಬ ಅಂಶಕ್ಕೂ ಸಂಬಂಧವಿರಬಹುದೆಂದು ತೋರಿಸಿದರು. ಆ ವಾದದ ಮೇಲೆ ಆಮೇಲೆ ಚರ್ಚೆ ಸಾಕಷ್ಟು ನಡೆದಿದೆ. ಆದರೆ ಅದರ ಪಾಠ ಮಾಸಿಲ್ಲ. ಒಂದೇ ಧಾನ್ಯವನ್ನು, ಅದು ಎಷ್ಟೇ ಒಳ್ಳೆಯದಾಗಿರಲಿ, ಬೇರೇನೂ ಇಲ್ಲದೆ ಉಣ್ಣುವುದು ಬಡತನ, ಆರೋಗ್ಯವಲ್ಲ. ಅಜ್ಜಂದಿರ ಊಟವನ್ನು ಹೊಗಳುವಾಗ ಅವರ ಹಸಿವೆಯನ್ನು ಮರೆಯಬಾರದು.

‘ನಾನು ತೆಳ್ಳಗಿದ್ದೇನೆ, ನನಗೇನು ಭಯ?’ ಎಂಬುದು ಇನ್ನೊಂದು ನಂಬಿಕೆ. ಪುಣೆಯ ವೈದ್ಯ ಯಾಜ್ಞಿಕರೂ ಲಂಡನ್ನಿನ ಅವರ ಮಿತ್ರ ಯುಡ್ಕಿನ್ನರೂ 2004ರಲ್ಲಿ ತಮ್ಮಿಬ್ಬರ ಚಿತ್ರವನ್ನೇ ಒಂದು ವೈದ್ಯಪತ್ರಿಕೆಯಲ್ಲಿ ಅಚ್ಚು ಹಾಕಿಸಿದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3, ನೋಟಕ್ಕೆ ಇಬ್ಬರೂ ಕೃಶರೇ. ಆದರೆ ಅಳೆದು ನೋಡಿದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರ ಮೈಯಲ್ಲಿ 21.2! ಭಾರತೀಯನ ತೆಳುದೇಹದೊಳಗೂ ಕೊಬ್ಬು ಅಡಗಿ ಕುಳಿತಿರಬಹುದೆಂಬುದಕ್ಕೆ ಇದಕ್ಕಿಂತ ಸರಳವಾದ ಸಾಕ್ಷ್ಯ ಬೇಡ. ನಮ್ಮ ಮೈಸೂರೂ ಈ ವಿಚಾರದಲ್ಲಿ ಲೋಕಕ್ಕೆ ಪಾಠ ಹೇಳಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದಗಳನ್ನು ಕಡತಗಳಲ್ಲಿ ಬರೆದಿಟ್ಟಿದ್ದರು. ಹಾಗೆ ಹುಟ್ಟಿದವರಲ್ಲಿ 506 ಜನರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಹುಟ್ಟುವಾಗ ಗಿಡ್ಡಾಗಿದ್ದು ಉದ್ದಕ್ಕೆ ಮೀರಿ ದುಂಡಗಿದ್ದವರಲ್ಲಿ ಸಕ್ಕರೆ ರೋಗ ಹೆಚ್ಚಾಗಿ ಕಂಡಿತೆಂದು 1998ರಲ್ಲಿ ಪ್ರಕಟವಾಯಿತು. ಅಂದರೆ ಈ ರೋಗದ ಕೆಲವು ಬೇರುಗಳು ತಾಯಿಯ ಗರ್ಭದಲ್ಲೇ ಇಳಿದಿರುತ್ತವೆ. ರೋಗಿಯನ್ನು ‘ಬಾಯಿಚಪಲದ ಫಲ’ ಎಂದು ಜರೆಯುವವರು ಇದನ್ನು ಗಮನಿಸಬೇಕು.

ಕೊಬ್ಬು ಕರಗಿಸುವ ವಿದ್ಯೆಗಳಂತೂ ಅಸಂಖ್ಯ. ಬಿಸಿನೀರಿಗೆ ಜೇನು-ನಿಂಬೆ, ಹೊಟ್ಟೆಗೆ ಬಿಗಿಯುವ ಪಟ್ಟಿ, ಬೆವರು ಸುರಿಸುವ ಕೋಣೆ. ಬೆವರಿನಲ್ಲಿ ಹೋಗುವುದು ನೀರು; ಒಂದು ತಂಬಿಗೆ ಕುಡಿದರೆ ಆ ತೂಕ ಮರಳಿ ಬಂತು. ಹಾಗಾದರೆ ಕರಗಿದ ಕೊಬ್ಬು ಎಲ್ಲಿಗೆ ಹೋಗುತ್ತದೆ? ಆಸ್ಟ್ರೇಲಿಯದ ಇಬ್ಬರು ವಿಜ್ಞಾನಿಗಳು 2014ರಲ್ಲಿ ಇದರ ಲೆಕ್ಕ ಹಾಕಿ ತೋರಿಸಿದರು. 10 ಕಿಲೋಗ್ರಾಮ್ ಕೊಬ್ಬು ಉರಿದರೆ 8.4 ಕಿಲೋಗ್ರಾಮ್ ಇಂಗಾಲದ ಡೈಆಕ್ಸೈಡಾಗಿ ಉಸಿರಿನಲ್ಲಿ ಹೊರಬೀಳುತ್ತದೆ, ಉಳಿದ 1.6 ಕಿಲೋಗ್ರಾಮ್ ನೀರಾಗುತ್ತದೆ. ಬೊಜ್ಜು ಗಾಳಿಗೆ ಹೋಗುತ್ತದೆಂಬುದು ಕವಿಯ ಉತ್ಪ್ರೇಕ್ಷೆಯಲ್ಲ, ರಸಾಯನಶಾಸ್ತ್ರ! ಹಾಗೆಂದು ಜೋರಾಗಿ ಉಸಿರುಬಿಟ್ಟರೆ ಆಗದು; ಉರಿಯಲು ಕೆಲಸ ಬೇಕು, ಅಥವಾ ಊಟದಲ್ಲಿ ಕೊರತೆ ಬೇಕು. ಒಂದು ಕಿಲೋಗ್ರಾಮ್ ಮೈಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಅಡಗಿದೆ. ದಿನಕ್ಕೆ ಒಂದು ರೊಟ್ಟಿಗಿಂತ ಕೊಂಚ ಹೆಚ್ಚು, ಅಂದರೆ 250 ಕ್ಯಾಲೊರಿ ಕಡಮೆ ಮಾಡಿದವನಿಗೆ ಲೆಕ್ಕದ ಪ್ರಕಾರ ತಿಂಗಳಿಗೆ ಒಂದು ಕಿಲೋಗ್ರಾಮ್ ಇಳಿಯಬೇಕು; ದೇಹ ತಾನೂ ಜಿಪುಣತನ ಕಲಿಯುವುದರಿಂದ ಇನ್ನೂ ನಿಧಾನವಾಗಿ ಇಳಿಯುತ್ತದೆ. ಹತ್ತು ದಿನದಲ್ಲಿ ಹತ್ತು ಕಿಲೋಗ್ರಾಮ್ ಇಳಿಸುವೆನೆನ್ನುವವನು ನೀರನ್ನೂ ಮಾಂಸವನ್ನೂ ಮಾರುತ್ತಿದ್ದಾನೆ.

ಆದರೆ ಇಳಿದ ತೂಕದ ಫಲ ದೊಡ್ಡದು. ಬ್ರಿಟನ್ನಿನಲ್ಲಿ ನಡೆದು 2017ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ರೋಗ ಕಂಡು ಆರು ವರ್ಷ ಮೀರದ, ಇನ್ಸುಲಿನ್ ತೆಗೆದುಕೊಳ್ಳದ ಸ್ಥೂಲರು ವೈದ್ಯರ ಕಣ್ಗಾವಲಿನಲ್ಲಿ ಕೆಲವು ತಿಂಗಳು ಅತಿಮಿತವಾಗಿ ಉಂಡರು. ವರ್ಷದ ಕೊನೆಗೆ ಅವರಲ್ಲಿ ನೂರಕ್ಕೆ 46 ಜನ ಔಷಧವಿಲ್ಲದೆಯೇ ರೋಗದ ಎಲ್ಲೆಯಿಂದ ಹೊರಗಿದ್ದರು. 15 ಕಿಲೋಗ್ರಾಮ್ ಅಥವಾ ಹೆಚ್ಚು ಇಳಿಸಿದವರಲ್ಲಿ ನೂರಕ್ಕೆ 86 ಜನ. ‘ಒಮ್ಮೆ ಬಂದರೆ ಹೋಗದು’ ಎಂಬ ನಿರಾಶೆಯೂ ಹೀಗೆ ಪೂರ್ತಿ ನಿಜವಲ್ಲ. ಆದರೆ ‘ಹೋಯಿತು’ ಎಂದು ಹೇಳಬೇಕಾದುದು ರಕ್ತಪರೀಕ್ಷೆ, ನೆರೆಮನೆಯವನಲ್ಲ.

ಈ ಮಾತನ್ನು ಒತ್ತಿ ಹೇಳಲು ನನಗೆ ಕಾರಣವಿದೆ. ಯಲಬುರ್ಗಾ ಸೀಮೆಯವರೇ ಆದ ನನ್ನ ಸಹಾಧ್ಯಾಪಕರೊಬ್ಬರು ಗುಳಿಗೆಗಳಿಂದ ಬೇಸತ್ತು, ಯಾರೋ ಹೇಳಿದರೆಂದು ಹಾಗಲಕಾಯಿಯ ರಸವನ್ನೂ ಸಿರಿಧಾನ್ಯದ ಗಂಜಿಯನ್ನೂ ನಂಬಿ ಔಷಧವನ್ನು ನಿಲ್ಲಿಸಿದರು. ಆಯಾಸವಿಲ್ಲ, ನೋವಿಲ್ಲ, ಗುಣವಾಯಿತೆಂದೇ ತಿಳಿದರು. ನೋವಿಲ್ಲದಿದ್ದುದು ಕಾಲಿನ ನರಗಳು ಸತ್ತದ್ದರಿಂದ. ಚಪ್ಪಲಿ ಕಚ್ಚಿದ ಹುಣ್ಣು ಅವರಿಗೆ ತಿಳಿಯುವ ಹೊತ್ತಿಗೆ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅವರು ವಿದ್ಯಾವಂತರು, ಮಕ್ಕಳಿಗೆ ವಿಜ್ಞಾನ ಕಲಿಸಿದವರು. ಅವರ ನಂಬಿಕೆಯನ್ನು ಅಜ್ಞಾನವೆಂದು ಜರೆಯಲು ನನ್ನ ನಾಲಗೆ ಏಳದು. ಜೀವಮಾನವೆಲ್ಲ ಗುಳಿಗೆ ನುಂಗಬೇಕೆಂಬ ಕಟ್ಟಳೆ ಎಂಥವನನ್ನೂ ಆಸೆಯ ಕಡೆಗೆ ದೂಡುತ್ತದೆ.

ಗಿಡಮೂಲಿಕೆಯಲ್ಲಿ ಏನೂ ಇಲ್ಲವೆಂದು ನಾನು ಹೇಳುತ್ತಿಲ್ಲ. ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಮೆಟ್‌ಫಾರ್ಮಿನ್ ಗುಳಿಗೆಯ ಮೂಲವೇ ಯುರೋಪಿನ ಹಳ್ಳಿಮದ್ದಾಗಿದ್ದ ಗಲೇಗ ಎಂಬ ಗಿಡ. ಆದರೆ ಆ ಗಿಡದ ಸತ್ತ್ವ ಹಾಗೆಯೇ ತಿಂದರೆ ವಿಷಕರವೆಂದು ಕಂಡು, ಅದರ ಬಂಧುವಾದ ವಸ್ತುವನ್ನು ತಯಾರಿಸಿ, ತೂಗಿ, ಪರೀಕ್ಷಿಸಿ, 1957ರಲ್ಲಿ ಫ್ರಾನ್ಸಿನ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟ ಫಲವನ್ನು ಪ್ರಕಟಿಸಿದನು. ನಂಬಿಕೆ ಪರೀಕ್ಷೆಯ ಬಾಗಿಲು ದಾಟಿ ಬಂದಾಗ ಔಷಧವಾಗುತ್ತದೆ. ದಾಟದಿದ್ದರೆ ನಂಬಿಕೆಯಾಗಿಯೇ ಉಳಿಯುತ್ತದೆ. ಉಪವಾಸದ ಮಾತೂ ಅಂತೆಯೇ. ಕೆಲವು ಗುಳಿಗೆಗಳನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡು ಹರಕೆಯ ಉಪವಾಸ ಮಾಡಿದವನಿಗೆ ಸಕ್ಕರೆ ತೀರ ಇಳಿದು ಪ್ರಜ್ಞೆ ತಪ್ಪಬಹುದು. ವೈದ್ಯನನ್ನು ಕೇಳಿ ಉಪವಾಸವಿರುವುದರಿಂದ ಭಕ್ತಿಗೆ ಕುಂದಿಲ್ಲ.

ಕೊನೆಗೆ ಸುಶ್ರುತನ ಒಂದು ಮಾತು. ಪ್ರಮೇಹ ಬಂದವನು ಕೊಡೆ ಕೆರಗಳಿಲ್ಲದೆ ನೂರು ಯೋಜನ ನಡೆಯಲಿ, ಶ್ಯಾಮಾಕದಂಥ ಹುಲ್ಲುಧಾನ್ಯವನ್ನು ಉಣ್ಣಲಿ, ಬಾವಿಯನ್ನು ತೋಡಲಿ ಎಂಬುದು ಅವನ ಸಂಹಿತೆಯ ಭಾವ. ನಮ್ಮವರು ಇದರಲ್ಲಿ ಹುಲ್ಲುಧಾನ್ಯವನ್ನು ಮಾತ್ರ ನೆನಪಿಟ್ಟುಕೊಂಡು ನೂರು ಯೋಜನವನ್ನೂ ಬಾವಿಯನ್ನೂ ಮರೆತರು! (ಬರಿಗಾಲಿನ ಮಾತನ್ನು ಮಾತ್ರ ಮರೆಯಲೇಬೇಕು, ನರ ಸೋತ ಕಾಲಿಗೆ ಕೆರ ಬೇಕೇ ಬೇಕು.) ಅಜ್ಜನನ್ನು ಕಾಯ್ದುದು ಜೋಳವೊಂದೇ ಅಲ್ಲ, ಬೆಳಗಿನಿಂದ ಬೈಗಿನವರೆಗೆ ಎತ್ತಿನ ಹಿಂದೆ ನಡೆದ ನಡಿಗೆ. ದುಡಿಯುವ ಮಾಂಸಖಂಡ ಇನ್ಸುಲಿನ್ನಿಗೆ ಕಾಯದೆಯೇ ರಕ್ತದಿಂದ ಸಕ್ಕರೆಯನ್ನು ಎಳೆದುಕೊಳ್ಳುತ್ತದೆ. ಅದೇ ಜೋಳವನ್ನು ಮೊಮ್ಮಗ ಟ್ರ್ಯಾಕ್ಟರಿನ ಮೇಲೆಯೋ ಕುರ್ಚಿಯ ಮೇಲೆಯೋ ಕುಳಿತು ಉಂಡರೆ ಅದು ಬೇರೆಯೇ ಊಟವಾಗುತ್ತದೆ.

ಹುಲಿಗಿಯ ಆ ದಿನದ ಮಾತನ್ನು ಮುಗಿಸಬೇಕು. ನಾನು ಒಂದು ಹೋಳಿಗೆಯನ್ನು ಹಿಂದಕ್ಕೆ ಕೊಟ್ಟು, ಇನ್ನೊಂದರಲ್ಲಿ ಅರ್ಧ ತಿಂದೆ. ರೊಟ್ಟಿಯಲ್ಲೂ ಒಂದನ್ನು ಕಡಮೆ ಮಾಡಿದೆ. ಎಲೆ ಎತ್ತಿದ ಮೇಲೆ ಹಿರಿಯರ ಪಕ್ಕ ಕುಳಿತು ಬೆಲ್ಲದ ಲೆಕ್ಕವನ್ನು ಮೆಲ್ಲನೆ ಹೇಳಿದೆ. ಅವರು ಸಿಟ್ಟಾಗಲಿಲ್ಲ. ಬಹಳ ಹೊತ್ತು ಹೊಳೆಯನ್ನು ನೋಡುತ್ತಿದ್ದು, ‘ಹಂಗಾದ್ರ ಹಬ್ಬಕ್ಕೂ ತಿನಬಾರದೇನ್ರಿ?’ ಎಂದು ಕೇಳಿದರು. ‘ತಿನ್ನಿರಿ. ಅರ್ಧ ತಿನ್ನಿರಿ; ಗುಳಿಗೆ ಬಿಡಬ್ಯಾಡ್ರಿ; ರಾತ್ರಿ ಮಲಗೂ ಮುಂದ ಪಾದ ನೋಡಿಕೊಳ್ಳಿರಿ’ ಎಂದೆ. ಅವರು ಕಾಲನ್ನು ಮುಂದಕ್ಕೆ ಚಾಚಿ, ಅಂಗಾಲನ್ನು ಬೆಳಕಿಗೆ ತಿರುಗಿಸಿದರು. ಹಿಮ್ಮಡಿಯ ಬಿರುಕಿನಲ್ಲಿ ಸಣ್ಣದೊಂದು ಮುಳ್ಳು ಮುರಿದುಕೊಂಡಿತ್ತು. ಎಂದು ಚುಚ್ಚಿತೋ ಅವರಿಗೆ ಗೊತ್ತಿರಲಿಲ್ಲ. ಮರುದಿನವೇ ವೈದ್ಯರಿಗೆ ತೋರಿಸುತ್ತೇವೆಂದು ಅವರ ಸೊಸೆ ಮಾತು ಕೊಟ್ಟ ಮೇಲೆಯೇ ನಾನು ಅಲ್ಲಿಂದ ಎದ್ದೆ.